ಸೇತುವೆ ಬಿದ್ದರೂ ಬೈಯದ ಆಟ

ಕೇಳುಗರಿಗೆಲ್ಲ ನಮಸ್ಕಾರ.

ವಿರಾಜಪೇಟೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಜುಲೈ ತಿಂಗಳಲ್ಲಿ ಡಿಸಿಯವರು ಶಾಲೆಗಳಿಗೆ ಮಳೆ ರಜೆ ಕೊಟ್ಟರು ಅಂದರೆ ಮುಗೀತು, ಫೋನ್ ಮೇಲೆ ಫೋನ್. "ಅಣ್ಣಾ, ಮಕ್ಕಳು ಮನೆಯಲ್ಲಿ ತಲೆ ತಿಂತಾ ಇದ್ದಾರೆ. ಹೊಡಿ ಬಡಿ ಇಲ್ಲದ ಯಾವುದಾದ್ರೂ ಗೇಮ್ ಇದ್ರೆ ಹೇಳಿ" ಅಂತ. ಹಾಗೆ ಕೇಳಿದವರಿಗೆ ನಾನು ಹೇಳುವ ಹೆಸರುಗಳಲ್ಲಿ ಒಂದು ಲೆಗೊ ಬ್ರಿಕ್‌ಟೇಲ್ಸ್. ಲೆಗೊ ಅನ್ನುವ ಪ್ಲಾಸ್ಟಿಕ್ ಆಟಿಕೆ ಇಟ್ಟಿಗೆಗಳನ್ನು ಪರದೆ ಮೇಲೆ ಜೋಡಿಸಿ ಒಗಟು ಬಿಡಿಸುವ ವಿಡಿಯೊ ಗೇಮ್. ಆಡಿದವರು ಮುಂದಿನ ಸಲ ಚಾರ್ಜರ್ ಕೊಳ್ಳಲು ಬಂದಾಗ ತಮ್ಮ ಅಭಿಪ್ರಾಯವನ್ನೂ ಹೇಳಿಯೇ ಹೋಗುತ್ತಾರೆ. ಹೊಗಳಿದ್ದೂ ಉಂಟು, ಬೈದದ್ದೂ ಉಂಟು. ಇವತ್ತು ಅದನ್ನೇ ನಿಮ್ಮ ಮುಂದೆ ಇಡುತ್ತೇನೆ. ಜಾಹೀರಾತು ಅಂದುಕೊಳ್ಳಬೇಡಿ, ಇದರಲ್ಲಿ ನನಗೆ ಕಮಿಷನ್ ಏನೂ ಇಲ್ಲ. ಪೆನ್‌ಡ್ರೈವ್‌ನಲ್ಲಿ ಹಾಕಿಕೊಡಿ ಅಂದರೂ ಆಗಲ್ಲ, ದುಡ್ಡು ಕೊಟ್ಟೇ ಕೊಳ್ಳಬೇಕು.

ತೊಂಬತ್ತರ ದಶಕದಲ್ಲಿ ಅಂಗೈಯಲ್ಲಿ ಹಿಡಿದು ಆಡುತ್ತಿದ್ದ, ಮೇಲಿಂದ ತುಂಡುಗಳು ಉದುರುವ ಬ್ರಿಕ್ ಗೇಮ್ ನೆನಪಿದೆ ಅಲ್ವಾ? ಇದು ಅದಲ್ಲ. ಅಲ್ಲಿ ನಿಧಾನ ಮಾಡಿದರೆ ಸೋತ ಹಾಗೆ. ಇಲ್ಲಿ ಗಡಿಯಾರವೇ ಇಲ್ಲ. ಬ್ರಿಕ್‌ಟೇಲ್ಸ್ ಬಂದದ್ದು 2022ರ ಅಕ್ಟೋಬರ್‌ನಲ್ಲಿ, ಕಂಪ್ಯೂಟರಿಗೂ ಟಿವಿಗೆ ಜೋಡಿಸಿ ಆಡುವ ಪೆಟ್ಟಿಗೆಗಳಿಗೂ. ಮರುವರ್ಷ ಫೋನಿಗೂ ಟ್ಯಾಬಿಗೂ ಬಂತು. ಮಾಡಿದವರು ಆಸ್ಟ್ರಿಯಾ ದೇಶದ ಇನ್ಸ್‌ಬ್ರುಕ್ ಪಟ್ಟಣದ ಕ್ಲಾಕ್‌ಸ್ಟೋನ್ ಎಂಬ ತಂಡ. ಇದಕ್ಕೂ ಮೊದಲು ಬ್ರಿಡ್ಜ್ ಕನ್‌ಸ್ಟ್ರಕ್ಟರ್ ಅಂತ ಸೇತುವೆ ಕಟ್ಟುವ ಆಟ ಮಾಡಿ ಹೆಸರಾದವರು. ಅದಕ್ಕೇ ಇರಬೇಕು, ಈ ಆಟದಲ್ಲೂ ಹೆಜ್ಜೆಗೊಂದು ಸೇತುವೆ.

ಕಥೆ ಸಣ್ಣದು. ಒಬ್ಬ ಅಜ್ಜ, ಹೊಸ ಹೊಸ ಯಂತ್ರ ಕಂಡುಹಿಡಿಯುವವನು. ಅವನ ಮನರಂಜನಾ ಪಾರ್ಕು ಹಾಳುಬಿದ್ದಿದೆ. ರಿಪೇರಿ ಮಾಡದಿದ್ದರೆ ಊರಿನ ಮೇಯರ್ ಮುಚ್ಚಿಸಿಬಿಡುತ್ತಾನೆ. ಅಜ್ಜ ಮೊಮ್ಮಗುವಿಗೆ ಹೇಳಿಕಳಿಸುತ್ತಾನೆ, ಜೊತೆಗೆ ರಸ್ಟಿ ಅಂತ ಒಂದು ಪುಟ್ಟ ರೋಬೊ. ಕಾಡು, ಮರುಭೂಮಿ, ಪಟ್ಟಣ, ಹಳೇ ಕಾಲದ ಕೋಟೆ, ಕೆರಿಬಿಯನ್ ದ್ವೀಪ, ಹೀಗೆ ಊರೂರು ಸುತ್ತಿ, ಅಲ್ಲಿಯವರ ಕಷ್ಟಕ್ಕೆ ಏನಾದರೂ ಕಟ್ಟಿಕೊಟ್ಟು, ಅವರು ಖುಷಿಪಟ್ಟಾಗ ಸಿಗುವ ಹರಳುಗಳನ್ನು ಕೂಡಿಸಬೇಕು. ದೊಡ್ಡ ಮಕ್ಕಳು ಈ ಕಥೆಯನ್ನು ತಲೆಗೆ ಹಚ್ಚಿಕೊಳ್ಳುವುದಿಲ್ಲ. ಆದರೆ ನಾಪೋಕ್ಲು ಕಡೆಯ ಒಬ್ಬರು ಅಜ್ಜಿ ಮೊಮ್ಮಕ್ಕಳ ಪಕ್ಕ ಕೂತು ಇದನ್ನು ಧಾರಾವಾಹಿ ನೋಡಿದ ಹಾಗೆ ನೋಡುತ್ತಾರಂತೆ. ಆಟಕ್ಕೆ ಕೈ ಹಾಕುವುದಿಲ್ಲ. "ಆ ಅಜ್ಜನ ಪಾರ್ಕು ಎಲ್ಲಿಗೆ ಬಂತು?" ಅಂತ ಮಾತ್ರ ದಿನಾ ಕೇಳುತ್ತಾರಂತೆ.

ಈಗ ಆಟದ ಒಳಗಿನ ವಿಷಯಕ್ಕೆ ಬರೋಣ. ನಿಮಗೆ ಇಂತಿಷ್ಟು ಇಟ್ಟಿಗೆ ಅಂತ ಕೊಡುತ್ತಾರೆ. ಹೀಗೇ ಕಟ್ಟು ಅಂತ ಹೇಳುವುದಿಲ್ಲ. ಆ ದಡದಿಂದ ಈ ದಡಕ್ಕೆ ದಾರಿ ಆಗಬೇಕು, ಅಷ್ಟೇ. ಕಟ್ಟಿ ಮುಗಿಸಿ ಪರೀಕ್ಷೆಯ ಗುಂಡಿ ಒತ್ತಿದರೆ ಒಂದು ರೋಬೊ ಅದರ ಮೇಲೆ ನಡೆದುಕೊಂಡು ಹೋಗುತ್ತದೆ. ಗಟ್ಟಿ ಇದ್ದರೆ ದಾಟಿತು. ಇಲ್ಲದಿದ್ದರೆ ಸೇತುವೆ ಮುರಿದು ರೋಬೊ ಸಮೇತ ಕೆಳಗೆ.

ನನ್ನ ಅಂಗಡಿಯಲ್ಲಿ ಒಂದು ಹಳೇ ಕಂಪ್ಯೂಟರಿನಲ್ಲಿ ಈ ಆಟ ಹಾಕಿಟ್ಟಿದ್ದೇನೆ. ಅಪ್ಪನ ಲ್ಯಾಪ್‌ಟಾಪ್ ರಿಪೇರಿ ಆಗುವವರೆಗೆ ಮಕ್ಕಳು ಕೂತು ಆಡುತ್ತಿರುತ್ತಾರೆ. ಒಂದು ದಿನ ಎಂಟನೇ ಕ್ಲಾಸಿನ ಹುಡುಗನೊಬ್ಬ ಸೇತುವೆ ಕಟ್ಟುತ್ತಿದ್ದ. ಉದ್ದದ ಎರಡು ಇಟ್ಟಿಗೆಯನ್ನು ತುದಿಗೆ ತುದಿ ಇಟ್ಟ. ಅದರ ಮೇಲೆ ಅಷ್ಟೇ ಉದ್ದದ ಇನ್ನೆರಡು, ಸರಿಯಾಗಿ ಅದರ ನೇರಕ್ಕೇ. ನೋಡಲು ದಪ್ಪಗೆ, ಚಂದ ಇತ್ತು. ರೋಬೊ ನಡುಮಧ್ಯಕ್ಕೆ ಬಂದದ್ದೇ ತಡ, ಸೇತುವೆ ಎರಡು ತುಂಡು. ಹುಡುಗ ಮತ್ತೆ ಹಾಗೇ ಕಟ್ಟಿದ, ಮತ್ತೆ ಬಿತ್ತು. ಅವತ್ತು ಅಂಗಡಿಯ ಹಿಂದಿನ ಗೋಡೆ ಸೋರುತ್ತಿದೆ ಅಂತ ಮೇಸ್ತ್ರಿಯನ್ನು ಕರೆಸಿದ್ದೆ. ಅವರು ಟೀ ಕುಡಿಯುತ್ತಾ ಇದನ್ನೇ ನೋಡುತ್ತಿದ್ದರು. ತಡೆಯಲಾಗಲಿಲ್ಲ ಅಂತ ಕಾಣುತ್ತದೆ. "ಎಂತ ಮಗಾ ಅದು, ಜಾಯಿಂಟ್ ಮೇಲೆ ಜಾಯಿಂಟ್ ಬಂದ್ರೆ ನಿಲ್ತದಾ? ಮೇಲಿನ ಸಾಲನ್ನು ಅರ್ಧ ಇಟ್ಟಿಗೆ ಪಕ್ಕಕ್ಕೆ ಸರಿಸು" ಅಂದರು. ಹುಡುಗ ಸರಿಸಿದ. ಕೆಳಗಿನ ಸಂದಿಯ ಮೇಲೆ ಈಗ ಇಡೀ ಇಟ್ಟಿಗೆ ಕೂತಿತು. ರೋಬೊ ದಾಟಿತು. ಮೇಸ್ತ್ರಿ ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕೆ ಸಿಮೆಂಟ್ ಎಲ್ಲಿ ಹಾಕೋದು?"

ಒಳ್ಳೆಯ ಪ್ರಶ್ನೆ. ಲೆಗೊ ಇಟ್ಟಿಗೆಗೆ ಸಿಮೆಂಟ್ ಬೇಡ. ಮೇಲೆ ಗುಬುಟುಗಳು, ಒಳಗೆ ಟೊಳ್ಳು ಕೊಳವೆಗಳು. ಒತ್ತಿದರೆ ಒಂದರೊಳಗೊಂದು ಬಿಗಿಯಾಗಿ ಕೂರುತ್ತವೆ. ಡೆನ್ಮಾರ್ಕ್‌ನ ಬಿಲ್ಲುಂಡ್ ಊರಿನ ಲೆಗೊ ಕಂಪನಿ ಈ ವಿನ್ಯಾಸಕ್ಕೆ ಪೇಟೆಂಟ್ ಕೇಳಿದ್ದು 1958ರ ಜನವರಿ 28ರಂದು. ಆ ವರ್ಷದ ಇಟ್ಟಿಗೆ ಇವತ್ತಿನ ಇಟ್ಟಿಗೆಗೆ ಈಗಲೂ ಕೂರುತ್ತದೆ. ಎಂಟು ಗುಬುಟಿನ ಒಂದೇ ಬಣ್ಣದ ಎರಡು ಇಟ್ಟಿಗೆಯನ್ನು 24 ರೀತಿಯಲ್ಲಿ ಜೋಡಿಸಬಹುದು. ಅಂಥ ಆರು ಇಟ್ಟಿಗೆ ಇದ್ದರೆ? 91,51,03,765 ರೀತಿ. ತೊಂಬತ್ತೊಂದು ಕೋಟಿಗೂ ಜಾಸ್ತಿ! ಹಾಗಾಗಿ ನನ್ನ ಅಂಗಡಿಯಲ್ಲಿ ಒಬ್ಬ ಕಟ್ಟಿದ ಸೇತುವೆಯ ಹಾಗೆ ಇನ್ನೊಬ್ಬ ಕಟ್ಟಿದ್ದನ್ನು ನಾನು ನೋಡಿಲ್ಲ. ಒಬ್ಬ ಕೆಳಗಿನಿಂದ ಕಂಬ ಕೊಡುತ್ತಾನೆ. ಇನ್ನೊಬ್ಬಳು ಎರಡೂ ದಡದಿಂದ ಮೆಟ್ಟಿಲು ಮೆಟ್ಟಿಲಾಗಿ ಮುಂದೆ ಚಾಚಿಕೊಂಡು ಬಂದು ನಡುವೆ ಕೂಡಿಸುತ್ತಾಳೆ. ಆಡಿದವರು ಜಾಸ್ತಿ ಮೆಚ್ಚುವುದು ಇದನ್ನೇ. ಉತ್ತರ ಒಂದೇ ಅಲ್ಲ, ಎಲ್ಲರದ್ದೂ ಸರಿ.

ಕುಶಾಲನಗರದ ಒಬ್ಬ ಹುಡುಗನಿಗೆ ಮಾತ್ರ ಸಮಾಧಾನ ಇರಲಿಲ್ಲ. "ಕೇಬಲ್ ಯಾಕೆ ಕೊಟ್ಟಿಲ್ಲ?" ಅಂತ ಅವನ ತಕರಾರು. ಕಾವೇರಿ ನಿಸರ್ಗಧಾಮದ ತೂಗುಸೇತುವೆ ಮೇಲೆ ಓಡಾಡಿ ಬೆಳೆದವನು, ಅವನಿಗೆ ಸೇತುವೆ ಅಂದರೆ ತೂಗಬೇಕು. ನಮ್ಮ ಕಡೆಯವರಿಗೆ ಇದು ಸಹಜ ಬಿಡಿ. ಪಕ್ಕದ ಸುಳ್ಯದ ಗಿರೀಶ್ ಭಾರದ್ವಾಜ್ ಅವರು ಹೊಳೆ ದಾಟಲಾಗದ ಎಷ್ಟೋ ಹಳ್ಳಿಗಳಿಗೆ ತೂಗುಸೇತುವೆ ಕಟ್ಟಿಕೊಟ್ಟು 2017ರಲ್ಲಿ ಪದ್ಮಶ್ರೀ ಪಡೆದವರು. ಮಳೆಗಾಲದಲ್ಲಿ ತೋಡು ತುಂಬಿದಾಗ ಮರದ ಪಾಲ ಕೊಚ್ಚಿಹೋಗುವುದನ್ನು ಕಂಡ ಮಕ್ಕಳಿಗೆ ಸೇತುವೆ ಆಟವಾದರೂ ಸುಮ್ನೆ ಆಟ ಅನ್ನಿಸುವುದಿಲ್ಲ.

ಸೇತುವೆ ಬಿಟ್ಟರೆ ಬೇರೆ ಕೆಲಸಗಳೂ ಇವೆ. ರಾಜನಿಗೆ ಸಿಂಹಾಸನ, ಮಾರುಕಟ್ಟೆಗೆ ಒಂದು ಅಂಗಡಿ, ಹಾರುವ ಯಂತ್ರ. ಸಿಂಹಾಸನದಂಥ ಕೆಲಸದಲ್ಲಿ ಬೀಳುವ ಭಯ ಇಲ್ಲ, ಚಂದ ಮಾಡುವುದೇ ಕೆಲಸ. ಚಿಕ್ಕ ಮಕ್ಕಳು ಗಂಟೆಗಟ್ಟಲೆ ಅದರಲ್ಲೇ ಮುಳುಗಿರುತ್ತಾರೆ.

ಇನ್ನು ಬೈಗುಳದ ಸರದಿ. ಇದರಲ್ಲಿ ನಾನು ಆಡುವವರ ಪರ. ಜಾಸ್ತಿ ಕೇಳಿಬರುವ ದೂರು ಇಟ್ಟಿಗೆ ಇಡುವ ರೀತಿಯದ್ದು. ಪರದೆ ಚಪ್ಪಟೆ, ಕಟ್ಟಬೇಕಾದದ್ದು ಮಾತ್ರ ಉದ್ದ ಅಗಲ ಎತ್ತರ ಇರುವ ವಸ್ತು. ಇಲ್ಲಿಡುತ್ತೇನೆ ಅಂದುಕೊಂಡು ಬಿಟ್ಟ ಇಟ್ಟಿಗೆ ಅದರ ಹಿಂದಿನ ಸಾಲಿನಲ್ಲಿ ಹೋಗಿ ಕೂತಿರುತ್ತದೆ. ಅದು ಗೊತ್ತಾಗುವುದು ನೋಟವನ್ನು ತಿರುಗಿಸಿದ ಮೇಲೆ. ಅಷ್ಟರಲ್ಲಿ ಅದರ ಮೇಲೆ ಇನ್ನೂ ನಾಲ್ಕು ಇಟ್ಟಿರುತ್ತೀರಿ. ಮೌಸ್ ಇದ್ದವರಿಗೆ ಪರವಾಗಿಲ್ಲ. ಕಂಟ್ರೋಲರ್ ಹಿಡಿದವರಿಗೆ, ಬೆರಳಲ್ಲಿ ಎಳೆಯುವವರಿಗೆ ಕಷ್ಟ. ಕಾಫಿ ಎಸ್ಟೇಟಿನ ರೈಟರ್ ಒಬ್ಬರು ದಿನವಿಡೀ ಎಕ್ಸೆಲ್‌ನಲ್ಲಿ ಹಾಜರಿ ಪಟ್ಟಿ ಮಾಡುವವರು. ಅವರು ಮೌಸ್ ಹಿಡಿದು ಆರಾಮಾಗಿ ಕಟ್ಟಿದರು. ಅದೇ ಸೇತುವೆಗೆ ಅವರ ಮಗಳು ಟ್ಯಾಬ್ ಹಿಡಿದು ಅತ್ತಳು. ಮಗುವಿಗೆ ಬುದ್ಧಿ ಸಾಲದು ಅಂತಲ್ಲ. ಒಗಟು ಕಷ್ಟ ಇರಲಿ, ಯಾರೂ ಬೇಡ ಅನ್ನುವುದಿಲ್ಲ. ಇಟ್ಟಿಗೆ ಇಡುವುದೇ ಕಷ್ಟ ಆದರೆ ಅದು ಆಟ ಮಾಡಿದವರ ತಪ್ಪು. ಸದ್ಯಕ್ಕೆ ಒಂದು ಉಪಾಯ ಹೇಳುತ್ತೇನೆ. ಪ್ರತಿ ಇಟ್ಟಿಗೆ ಇಡುವ ಮೊದಲು ಮೇಲಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ತಿರುಗಿಸಿ ನೋಡಿ. ನಿಧಾನ ಆಗುತ್ತದೆ, ನಿಜ. ಕಿತ್ತು ಮತ್ತೆ ಕಟ್ಟುವುದು ತಪ್ಪುತ್ತದೆ.

ಇನ್ನೊಂದು ದೂರು, ಕೊಟ್ಟಷ್ಟೇ ಇಟ್ಟಿಗೆ ಅನ್ನುವುದು. ಮೈನ್‌ಕ್ರಾಫ್ಟ್ ಎಂಬ ಇನ್ನೊಂದು ಆಟದಲ್ಲಿ ಬೆಟ್ಟ ಅಗೆದು ಬೇಕಾದಷ್ಟು ತಂದು ಸುರಿಯುವ ಮಕ್ಕಳಿಗೆ ಇದು ಜಿಪುಣತನ ಅನ್ನಿಸುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಇಟ್ಟಿಗೆ ಲೆಕ್ಕಕ್ಕೆ ಇದ್ದರೇ ತಲೆ ಓಡುವುದು. ಹೇಗೂ ಒಂದು ಸಲ ಕಟ್ಟಿ ಗೆದ್ದ ಮೇಲೆ ಅದೇ ಜಾಗಕ್ಕೆ ವಾಪಸ್ ಬಂದು ರಾಶಿ ಇಟ್ಟಿಗೆಯಲ್ಲಿ ಮನಸ್ಸಿಗೆ ಬಂದಂತೆ ಕಟ್ಟಲು ಬಿಡುತ್ತಾರೆ.

ಮಾತುಗಳೆಲ್ಲ ಪರದೆ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಬರುತ್ತವೆ, ಕನ್ನಡ ಇಲ್ಲ. ಎರಡನೇ ಕ್ಲಾಸಿನ ಮಗುವಿಗೆ ಒಬ್ಬರು ಓದಿ ಹೇಳಬೇಕು. ನಾಪೋಕ್ಲಿನ ಆ ಅಜ್ಜಿಗೂ ಮೊಮ್ಮಗಳೇ ಹೇಳುವುದು. ಹೇಳುವಾಗ ತನಗೆ ಬೇಕಾದ್ದನ್ನು ಸೇರಿಸುತ್ತಾಳೋ ಏನೋ, ಮೇಯರ್ ಈಗ ಭಾರೀ ಕೆಟ್ಟವನಾಗಿದ್ದಾನಂತೆ!

ಇದೆಲ್ಲ ಕೇಳಿ ಕೇಳಿ ನನಗೆ ಅನ್ನಿಸಿದ್ದು ಇಷ್ಟು. ಮನೆಮಂದಿಯೆಲ್ಲ ಆಡಬಹುದಾದ ಆಟ ಅಂತ ಡಬ್ಬಿ ಮೇಲೆ ಬರೆಯುತ್ತಾರಲ್ಲ, ಅದಕ್ಕೆ ರಕ್ತ ಇಲ್ಲ, ಗುಂಡು ಇಲ್ಲ ಅಂದರೆ ಸಾಕಾ? ಬಿದ್ದಾಗ ಏನಾಗುತ್ತದೆ ಅಂತ ನಾನು ನೋಡುತ್ತೇನೆ. ಎಷ್ಟೋ ಆಟಗಳಲ್ಲಿ ಸೋತರೆ ಪರದೆ ಕೆಂಪಾಗುತ್ತದೆ, ಜೀವ ಕಡಿಮೆಯಾಗುತ್ತದೆ, ಮೊದಲಿಂದ ಶುರು ಮಾಡು ಅನ್ನುತ್ತದೆ. ಆಮೇಲೆ ಅಣ್ಣ ತಮ್ಮನ ಕೈಯಿಂದ ಕಿತ್ತುಕೊಳ್ಳುತ್ತಾನೆ, ಜಗಳ. ಇಲ್ಲಿ ರೋಬೊ ಬಿದ್ದರೆ ಎಲ್ಲರೂ ನಗುತ್ತಾರೆ. ಕಟ್ಟಿದ್ದು ಹಾಗೇ ಇರುತ್ತದೆ, ಎಲ್ಲಿ ಸಡಿಲ ಇತ್ತು ಅಂತ ನೋಡಿ ಅಷ್ಟನ್ನೇ ಸರಿಮಾಡಬಹುದು. ಹಿಂದೆ ನಿಂತವರೂ ಬಾಯಿ ಹಾಕಬಹುದು. ಮೇಸ್ತ್ರಿ ಬಾಯಿ ಹಾಕಿದ್ದು ಅದಕ್ಕೇ ಅಲ್ವಾ?

ಇದೇ ಬಗೆಯ ಇನ್ನೆರಡು ಆಟಗಳ ಬಗ್ಗೆಯೂ ಕೇಳುತ್ತಾರೆ. 2019ರ ಡಿಸೆಂಬರ್‌ನಲ್ಲಿ ಆಪಲ್ ಫೋನುಗಳಿಗೆ, 2021ರಲ್ಲಿ ಕಂಪ್ಯೂಟರಿಗೆ ಬಂದ ಲೆಗೊ ಬಿಲ್ಡರ್ಸ್ ಜರ್ನಿ ನೋಡಲು ಬಹಳ ಚಂದ. ನೀರು, ಬೆಳಕು, ಇಟ್ಟಿಗೆ ಮೇಲಿನ ಗೀರು ಕೂಡ ಕಾಣುತ್ತದೆ. ಒಂದು ಮಗು, ಅದರ ಹೆತ್ತವರಲ್ಲಿ ಒಬ್ಬರು, ಇಬ್ಬರ ನಡುವಿನ ಕಥೆ. ಮಾತೇ ಇಲ್ಲ, ಹಾಗಾಗಿ ಇಂಗ್ಲಿಷಿನ ತೊಂದರೆಯೂ ಇಲ್ಲ. ಆದರೆ ಒಂದು ಮಧ್ಯಾಹ್ನದಲ್ಲಿ ಮುಗಿದುಹೋಗುತ್ತದೆ. ಕೊಟ್ಟ ದುಡ್ಡಿಗೆ ಇಷ್ಟೇನಾ ಅಂತ ಕೇಳಿದವರು ಕಡಿಮೆ ಇಲ್ಲ. ಮಳೆ ಇಡೀ ವಾರ ಬಿಡದಿದ್ದರೆ ಇದು ಸಾಲದು.

ಬ್ರಿಕ್‌ಟೇಲ್ಸ್ ಆಗಲಿ ಬಿಲ್ಡರ್ಸ್ ಜರ್ನಿ ಆಗಲಿ, ಆಡುವುದು ಒಬ್ಬರೇ, ಉಳಿದವರು ಸುತ್ತ ಕೂತು ಸಲಹೆ ಕೊಡಬೇಕು. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ 2025ರಲ್ಲಿ ಬಂದ ಲೆಗೊ ವಾಯೇಜರ್ಸ್ ನೋಡಿ. ಬಿಲ್ಡರ್ಸ್ ಜರ್ನಿ ಮಾಡಿದ ಲೈಟ್ ಬ್ರಿಕ್ ಸ್ಟುಡಿಯೊದವರದ್ದೇ. ಎರಡು ಪುಟ್ಟ ಇಟ್ಟಿಗೆಗಳು ಜೊತೆಯಾಗಿ ಹೋಗುವ ಆಟ, ಇಬ್ಬರು ಇಲ್ಲದೆ ಆಡಲಾಗುವುದಿಲ್ಲ. ಗೋಣಿಕೊಪ್ಪದ ಒಂದು ಮನೆಯಲ್ಲಿ ಅಣ್ಣ ತಂಗಿ ಆಡಲಿ ಅಂತ ತರಿಸಿಕೊಂಡರು. ಈಗ ಅಪ್ಪ ಅಮ್ಮ ಆಡುತ್ತಿದ್ದಾರಂತೆ, ಮಕ್ಕಳು ಇನ್ನೊಂದು ಜೊತೆ ಕಂಟ್ರೋಲರ್ ಬೇಕು ಅಂತ ಮೊನ್ನೆ ಅಂಗಡಿಗೆ ಬಂದಿದ್ದರು. ಮತ್ತೆ ಸಿಗೋಣ, ನಮಸ್ಕಾರ.