ಮೊದಲು ಪೆನ್ನು, ಆಮೇಲೆ ಐರನ್

ಕೇಳುಗರಿಗೆ ನಮಸ್ಕಾರ. ಹಳೆಯ ವಿಡಿಯೋ ಗೇಮ್ ಬಿಚ್ಚಿ, ಅದಕ್ಕೆ ಹೊಸ ಲೈಟು, ಹೊಸ ಸೌಂಡು ಹಾಕಬೇಕು ಅನ್ನುವ ಹುಡುಗ ಹುಡುಗಿಯರು ಈಗ ಜಾಸ್ತಿ ಆಗಿದ್ದಾರೆ. ಬಹಳ ಸಂತೋಷ. ನಿಮಗೆಲ್ಲ ನಾನು ಹೇಳುವುದು ಒಂದೇ ಮಾತು. ಮೊದಲು ಪೆನ್ನು, ಆಮೇಲೆ ಐರನ್. ಸೋಲ್ಡರಿಂಗ್ ಐರನ್ನಿನ ಪ್ಲಗ್ ಹಾಕುವ ಮುಂಚೆ ಯಾವ ಬೆಸುಗೆ ಮೊದಲು, ಯಾವುದು ಆಮೇಲೆ ಅಂತ ಹಾಳೆಯ ಮೇಲೆ ಬರೆದುಕೊಳ್ಳಿ.

ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ತೆಗೆದುಕೊಳ್ಳೋಣ. ಜಪಾನಿನ ನಿಂಟೆಂಡೊ ಕಂಪನಿ 1989ರಲ್ಲಿ ತಂದದ್ದು. ನಾಲ್ಕು ಪೆನ್ಸಿಲ್ ಸೆಲ್, ಬಣ್ಣವಿಲ್ಲದ ಪರದೆ, ಹಿಂದೆ ಲೈಟು ಇಲ್ಲವೇ ಇಲ್ಲ. ಅದನ್ನು ರೂಪಿಸಿದ ಗುನ್ಪೇ ಯೊಕೊಯಿ ಅವರ ಲೆಕ್ಕ ಸರಿಯಾಗಿಯೇ ಇತ್ತು: ಬೆಲೆ ಕಡಿಮೆ ಇರಲಿ, ಸೆಲ್ ಬಾಳಿಕೆ ಬರಲಿ. ಮರುವರ್ಷ ಸೆಗಾ ಕಂಪನಿಯ ಗೇಮ್ ಗಿಯರ್ ಬಂತು. ಬಣ್ಣ, ಲೈಟು ಎಲ್ಲ ಇತ್ತು, ಆದರೆ ಆರು ಸೆಲ್ಲನ್ನು ಕೆಲವೇ ಗಂಟೆಯಲ್ಲಿ ತಿಂದು ಹಾಕುತ್ತಿತ್ತು.

ಆದರೂ ಗೇಮ್ ಬಾಯ್ ಕೈಗೆ ಸಿಕ್ಕವರಿಗೆಲ್ಲ ಮೊದಲ ಆಸೆ ಲೈಟೇ. ಪರದೆಯ ಹಿಂದೆ ತೆಳ್ಳನೆಯ ಪ್ಯಾನೆಲ್ ತೂರಿಸಿ ಎರಡು ತಂತಿ ಬೆಸೆಯಬೇಕು. ಜೊತೆಗೆ ಬಿವರ್ಟ್ ಅನ್ನುವ ಪುಟ್ಟ ಚಿಪ್ಪು. ಬರೀ ಲೈಟು ಹಾಕಿದರೆ ಚಿತ್ರ ಮಂಕಾಗುತ್ತದೆ. ಈ ಚಿಪ್ಪು ಪರದೆಗೆ ಹೋಗುವ ಸಿಗ್ನಲನ್ನು ತಿರುವುಮುರುವು ಮಾಡುತ್ತದೆ, ಕಪ್ಪು ಬಿಳಿಯಾಗುತ್ತದೆ, ಬಿಳಿ ಕಪ್ಪಾಗುತ್ತದೆ. ಪರದೆಯ ಹಿಂದಿನ ಪೋಲರೈಸರ್, ಅಂದರೆ ಬೆಳಕನ್ನು ಒಂದೇ ದಿಕ್ಕಿನಲ್ಲಿ ಸೋಸುವ ಹಾಳೆಯನ್ನೂ 90 ಡಿಗ್ರಿ ತಿರುಗಿಸಿ ಹಾಕಿದರೆ ಚಿತ್ರ ಮತ್ತೆ ನೆಟ್ಟಗಾಗಿ, ಕಡುಕಪ್ಪಾಗಿ ಕಾಣುತ್ತದೆ.

ಇದನ್ನೆಲ್ಲ ಮಾಡಿಕೊಂಡು ಒಬ್ಬ ಇಂಜಿನಿಯರಿಂಗ್ ಹುಡುಗ ನನ್ನ ಹತ್ತಿರ ಬಂದ. ಬೆಸುಗೆ ಏನು ಚೆಂದ ಹಾಕಿದ್ದ ಅಂತೀರಿ! ಪ್ರತಿಯೊಂದೂ ಹೊಳೆಯುತ್ತಿತ್ತು. ಸ್ವಿಚ್ ಹಾಕಿದರೆ ಮಾತ್ರ ಏನೂ ಇಲ್ಲ. "ಸರ್, ಯಾವ ಜಾಯಿಂಟ್ ತಪ್ಪಾಗಿದೆ?" ಅಂತ ಕೇಳಿದ. "ಎಲ್ಲ ಒಂದೇ ಉಸಿರಿಗೆ ಮಾಡಿ ಮುಗಿಸಿದ್ದೀಯ, ನನಗೆ ಹೇಗಪ್ಪಾ ಗೊತ್ತಾಗಬೇಕು?" ಅಂದೆ. ಬಿಚ್ಚಿ ನೋಡಿದೆವು. ಲೈಟಿನ ತಂತಿಗಳನ್ನೇ ಮೊದಲು ಬೆಸೆದಿದ್ದಾನೆ. ಆಮೇಲೆ ಪ್ಯಾನೆಲ್ ಗಾಜಿನ ಹಿಂದೆ ತೂರಿಸಲು ಹೋಗಿದ್ದಾನೆ. ತಂತಿ ಜಗ್ಗಿ ಬೋರ್ಡಿನ ತಾಮ್ರದ ಪ್ಯಾಡೇ ಎದ್ದು ಬಂದಿದೆ. ಬೆಸುಗೆ ಗಟ್ಟಿ, ಆದರೆ ಅದು ಕೂತ ನೆಲವೇ ಇಲ್ಲ!

ಅವನ ಕೈಗೆ ಹಾಳೆ ಕೊಟ್ಟೆ. ಮುಖ ಹುಳ್ಳಗೆ ಮಾಡಿಕೊಂಡ. ಹಾಳೆಯ ನಡುವೆ ಒಂದು ಗೆರೆ. ಎಡಕ್ಕೆ ಮಾಡುವ ಕೆಲಸ, ಬಲಕ್ಕೆ ಆ ಕೆಲಸ ಮುಗಿದಾಗ ಏನು ಕಾಣಬೇಕು ಅನ್ನುವುದು. ಈ ಬಲಗಡೆಯ ಸಾಲನ್ನು ಯಾರೂ ಬರೆಯುವುದಿಲ್ಲ, ಅದೇ ನನಗೆ ಬೇಜಾರು.

ಬಿಚ್ಚುವ ಮುಂಚೆಯೇ ಒಮ್ಮೆ ಆನ್ ಮಾಡಿ ನೋಡಬೇಕು. ಹಳೆಯ ಪರದೆಯಲ್ಲಿ ಉದ್ದುದ್ದ ಗೆರೆಗಳು ಮಾಯವಾಗಿರುವುದು ಸಾಮಾನ್ಯ. ಅದು ಮೊದಲೇ ಇತ್ತೋ ನೀವು ಮಾಡಿದ್ದೋ ಗೊತ್ತಾಗಬೇಕಲ್ವಾ? ಆಮೇಲೆ ಬಿವರ್ಟ್ ಒಂದನ್ನೇ ಬೆಸೆದು, ಹಳೆಯ ಪೋಲರೈಸರ್ ಹಾಗೇ ಇರುವಾಗ ಆನ್ ಮಾಡಿ. ಚಿತ್ರ ಫೋಟೋ ನೆಗೆಟಿವ್ ತರಹ ಬರಬೇಕು. ಗಾಬರಿ ಆಗಬೇಡಿ, ಅದೇ ಸರಿ! ನೆಗೆಟಿವ್ ಬಂತು ಅಂದರೆ ಚಿಪ್ಪಿನ ಬೆಸುಗೆ ಗೆದ್ದಿತು, ಹಾಳೆಯಲ್ಲಿ ಟಿಕ್ ಹಾಕಿ. ಸೆಲ್ ತೆಗೆದಿಟ್ಟು ಮುಂದಿನ ಸಾಲಿಗೆ ಹೋಗಿ. ಪರದೆಯ ಹಿಂದಿನ ಹಳೆಯ ಪೋಲರೈಸರ್ ಕಿತ್ತು, ಅಂಟು ಒರೆಸಿ, ಹೊಸ ಪೋಲರೈಸರ್ ಮತ್ತು ಪ್ಯಾನೆಲ್ ಕೂರಿಸಿ. ತಂತಿ ಕಟ್ಟಕಡೆಗೆ. ನೇತಾಡುವುದೂ ಜಗ್ಗುವುದೂ ತಂತಿಯೇ, ಅದಕ್ಕೇ. ಆ ಹುಡುಗ ಹಾಗೇ ಮಾಡಿದ. ಎದ್ದ ಪ್ಯಾಡಿನ ಬದಲು ಬೋರ್ಡಿನ ಅದೇ ತಾಮ್ರದ ದಾರಿಯ ಮುಂದಿನ ಬಿಂದುವಿಗೆ ಸಣ್ಣ ಎನಾಮಲ್ ತಂತಿ ಎಳೆದೆವು. ಲೈಟು ಬಂತು.

ಇನ್ನೂ ಹೇಳುವುದು ಬಹಳ ಇತ್ತು, ನನಗೆ ಕೊಟ್ಟ ಸಮಯ ಮುಗಿಯುತ್ತಿದೆ. ಬೇಗ ಬೇಗ ಹೇಳಿಬಿಡುತ್ತೇನೆ. ಗಿಡ್ಡ ಬಿಡಿಭಾಗ ಮೊದಲು, ಎತ್ತರದ್ದು ಆಮೇಲೆ, ಇಲ್ಲದಿದ್ದರೆ ಐರನ್ನಿನ ತುದಿ ಒಳಗೆ ಹೋಗುವುದಿಲ್ಲ. ಗ್ರೌಂಡ್ ಜಾಗ, ಅಂದರೆ ಬೋರ್ಡಿನ ಅಗಲವಾದ ತಾಮ್ರದ ಭಾಗ, ಕಾವನ್ನು ಹೀರಿಕೊಳ್ಳುತ್ತದೆ, ಸ್ವಲ್ಪ ತಾಳ್ಮೆ ಇರಲಿ. ಬೆಸುಗೆ ಹಿಡಿಯಲಿ ಅಂತ ನಲ್ಲಿ ರಿಪೇರಿಯ ಆಸಿಡ್ ಪೇಸ್ಟ್ ಹಚ್ಚುವುದು ದಯವಿಟ್ಟು ಬೇಡ, ಅದು ತಾಮ್ರವನ್ನು ತಿನ್ನುತ್ತದೆ. ತಂತಿಗೆ ಸ್ಲೀವ್, ಅಂದರೆ ಮೇಲೆ ಹೊದಿಸುವ ಕೊಳವೆ, ಹಾಕುವುದಿದ್ದರೆ ಬೆಸೆಯುವ ಮುಂಚೆಯೇ ತೂರಿಸಬೇಕು. ಅದಕ್ಕೂ ಹಾಳೆಯಲ್ಲಿ ಒಂದು ಸಾಲು ಕೊಡಿ, ಸುಮ್ನೆ ನೆನಪಿಟ್ಟುಕೊಳ್ಳುತ್ತೇನೆ ಅನ್ನಬೇಡಿ. ಮೊದಲು ಪೆನ್ನು, ಆಮೇಲೆ ಐರನ್.

ಕಿಟಕಿ ತೆಗೆದಿಡಿ. ಸೋಲ್ಡರ್‌ನಲ್ಲಿ ಸೀಸ ಇರಬಹುದು, ಕೆಲಸ ಮುಗಿದ ಮೇಲೆ ಕೈ ತೊಳೆದೇ ಊಟಕ್ಕೆ ಕೂರಿ. ನಮಸ್ಕಾರ.