ಸರ್ವರ್ ಬಿಲ್ಲು ಯಾರ ಕಾರ್ಡಿಂದ ಹೋಗ್ತಿದೆ?

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರೋರು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇವೆ. ಮೈಕ್ ಕೇಳಿಸ್ತಿದ್ಯಲ್ಲ? ಸರಿ.

ಗೇಮ್ ಸರ್ವರ್‌ಗೆ ದುಡ್ಡು ಎಲ್ಲಿಂದ ತರೋದು, ಮಷೀನ್ ಎಲ್ಲಿಂದ ತರೋದು ಅನ್ನೋದು ನಂಗೆ ಕೊಟ್ಟಿರೋ ವಿಷಯ. ಇಲ್ಲಿರೋರಲ್ಲಿ ಮುಕ್ಕಾಲು ಪಾಲು ಬ್ಲಾಕ್ ಜೋಡಿಸಿ ಕಟ್ಟೋ ಆಟ ಮೈನ್‌ಕ್ರಾಫ್ಟ್‌ನವರು, ಒಂದಷ್ಟು ಜನ ಅದೇ ಥರದ ಫ್ರೀ ಆಟ ಲುವಾಂಟಿ, ಅದೇ ನಮ್ಮ ಮೈನ್‌ಟೆಸ್ಟ್, 2024ರಲ್ಲಿ ಹೆಸರು ಬದಲಾಯ್ತಲ್ಲ ಅದು, ಆಮೇಲೆ ಕೌಂಟರ್ ಸ್ಟ್ರೈಕ್ 1.6 ಇನ್ನೂ ಬಿಡದೇ ಇರೋ ಅಣ್ಣಂದಿರೂ ಕಾಣ್ತಿದಾರೆ. ಹಾಗಾಗಿ ಸರ್ವರ್ ಅಂದ್ರೆ ನಾವೆಲ್ಲ ಸೇರಿ ಆಡೋ ಆಟ ಓಡೋ ಕಂಪ್ಯೂಟರ್ ಅನ್ನೋದ್ರಿಂದ ಶುರು ಮಾಡಲ್ಲ. ಒಂದು ಪ್ರಶ್ನೆ ಕೇಳ್ತೀನಿ. ನೀವು ಆಡೋ ಸರ್ವರ್‌ನ ಬಿಲ್ಲು ಯಾರ ಕಾರ್ಡಿಂದ ಹೋಗ್ತಿದೆ? ಗೊತ್ತಿರೋರು ಕೈ ಎತ್ತಿ. ನೋಡಿ, ಇಷ್ಟು ದೊಡ್ಡ ಹಾಲಲ್ಲಿ ಇಷ್ಟೇ ಕೈ.

ನಮ್ಮ ಸರ್ವರ್ ಕತೆ ಹೇಳ್ತೀನಿ. ಲಾಕ್‌ಡೌನ್ ಟೈಮಲ್ಲಿ ಶುರುವಾಗಿದ್ದು, ಹೆಚ್ಚಾಗಿ ಹೈಸ್ಕೂಲ್ ಮಕ್ಕಳು, ಮಾತುಕತೆ ಎಲ್ಲ ಕನ್ನಡದಲ್ಲೇ. ಬಾಡಿಗೆ ಮಷೀನ್, ಹೊರದೇಶದ್ದು, ನನ್ನ ಕಾರ್ಡಿಂದ ತಿಂಗಳು ತಿಂಗಳು ತಾನಾಗೇ ಕಟ್ ಆಗ್ತಿತ್ತು, ನಾನು ಅದನ್ನ ಮರ್ತೇ ಬಿಟ್ಟಿದ್ದೆ. 2021ರ ಅಕ್ಟೋಬರ್ 1ರಿಂದ ಕಾರ್ಡ್ ಆಟೋ ಡೆಬಿಟ್‌ಗೆ ಹೊಸ ನಿಯಮ ಬಂತು, ನೆನಪಿರಬೇಕು ನಿಮಗೆ, ಹಳೇದೆಲ್ಲ ನಿಂತೋಯ್ತು, ನಾವೇ ಮತ್ತೆ ಒಪ್ಪಿಗೆ ಕೊಡಬೇಕಿತ್ತು. ನಿಯಮ ಒಳ್ಳೇದೇ, ನಮ್ಮ ದುಡ್ಡಿನ ರಕ್ಷಣೆಗೇ ಮಾಡಿದ್ದು. ಆದ್ರೆ ಆ ತಿಂಗಳ ಬಾಡಿಗೆ ಹೋಗ್ಲಿಲ್ಲ. ಮೇಲ್ ಬಂದಿದೆ, ಒಂದಲ್ಲ ನಾಲ್ಕು, ಎಲ್ಲಾ ನಾನು ತೆಗೆದು ನೋಡದ ಹಳೇ ಐಡಿಗೆ. ನಾನೋ ದಸರಾ ರಜೆಗೆ ಊರಲ್ಲಿದ್ದೆ, ಮಲೆನಾಡು, ನೆಟ್‌ವರ್ಕ್ ಬೇಕಂದ್ರೆ ಗುಡ್ಡ ಹತ್ತಬೇಕು. ವಾಪಸ್ ಬರೋ ಬಸ್ಸಲ್ಲಿ ಸಿಗ್ನಲ್ ಸಿಕ್ಕಿದ ಕೂಡ್ಲೇ ಫೋನ್ ಒಂದೇ ಸಮ ಟಿಂಗ್ ಟಿಂಗ್ ಅಂತ ಹೊಡ್ಕೊಳ್ಳೋಕೆ ಶುರು ಮಾಡ್ತು. ಮಷೀನ್ ಡಿಲೀಟ್ ಆಗಿ ಎರಡು ದಿನ ಆಗಿತ್ತು.

ಆ ಸರ್ವರಲ್ಲಿ ಶಿರಸಿ ಕಡೆ ಹುಡುಗಿ ಒಬ್ಬಳು, ಆಗ ಎಂಟನೇ ಕ್ಲಾಸು, ತನ್ನ ಅಜ್ಜಿಯ ಮನೇನ ಅಲ್ಲಿ ಕಟ್ತಿದ್ಲು. ಆಟಕ್ಕೆ ಕಟ್ಟೋ ಮನೆ ಅಲ್ಲ ಅದು, ನಿಜವಾದ ಮನೆ, ಆ ವರ್ಷ ಅದನ್ನ ಕೆಡವಿ ಆರ್‌ಸಿಸಿ ಹಾಕಿಸ್ತಿದ್ರು, ಅದಕ್ಕೇ ಇವಳು ಇಲ್ಲಿ ಕಟ್ಟೋಕೆ ಕೂತಿದ್ದು. ಜಗಲಿ, ಜಗಲಿ ಕಂಬ, ಅಂಗಳದಲ್ಲಿ ಅಡಿಕೆ ಒಣಗಿಸೋ ಅಟ್ಟ, ಕೊಟ್ಟಿಗೇಲಿ ಎರಡು ದನ. ಹೆಂಚಿಗೆ ಯಾವ ಬ್ಲಾಕ್ ಹಾಕೋದು ಅಂತ ನಮ್ಮಲ್ಲಿ ಒಂದು ವಾರ ಚರ್ಚೆ ಆಗಿದೆ, ಕೊನೆಗೆ ಇಟ್ಟಿಗೆ ಮೆಟ್ಟಿಲನ್ನ ಸಾಲಾಗಿ ಇಳಿಜಾರಲ್ಲಿ ಜೋಡಿಸಿದ್ರೆ ಥೇಟ್ ಹೆಂಚಿನ ಹಾಗೇ ಕಾಣತ್ತೆ ಅಂತ ಅವಳೇ ಕಂಡ್ಹಿಡಿದ್ಲು. ಆ ಬಸ್ಸಲ್ಲಿ ನಾನು ನೋಡಿದ ಮೊದಲ ಮೆಸೇಜ್ ಅವಳದ್ದೇ: "ಅಣ್ಣಾ, ಮನೆ ಇದ್ಯಾ?"

ಬ್ಯಾಕಪ್ ಅಂತ ಇದ್ದಿದ್ದು ಒಂದೇ, ಇನ್ನೊಬ್ಬ ಹುಡುಗ ಆಗಸ್ಟಲ್ಲಿ ಸುಮ್ನೆ ಕೇಳಿ ಇಳಿಸ್ಕೊಂಡಿದ್ದ ಕಾಪಿ. ಅದನ್ನ ಏರಿಸಿದ್ವಿ. ಜಗಲಿ ಇತ್ತು, ಅಟ್ಟ ಇತ್ತು, ಮಾಡು ಇರ್ಲಿಲ್ಲ.

ಹಾಗಾಗಿ ನಾನು ಹೋದಲ್ಲೆಲ್ಲ ಇದನ್ನೇ ಹೇಳೋದು. ಅವತ್ತು ಸರ್ವರ್ ಹೋಗಿದ್ದು ದುಡ್ಡಿಲ್ಲ ಅಂತ ಅಲ್ಲ, ದುಡ್ಡು ಅಕೌಂಟಲ್ಲೇ ಇತ್ತು. ಒಬ್ಬನ ಕಾರ್ಡು, ಒಬ್ಬನ ಪಾಸ್‌ವರ್ಡು, ಒಬ್ಬನ ಮೇಲ್ ಐಡಿ, ಅದಕ್ಕೇ ಹೋಯ್ತು. ದುಡ್ಡು ಎಲ್ಲಿಂದ ಅಂತ ಕೇಳೋದಕ್ಕೆ ಮುಂಚೆ ಲೆಕ್ಕ ಎಲ್ಲಿದೆ ಅಂತ ಕೇಳಿ.

ನಮ್ಮೂರಲ್ಲಿ ಗಣಪತಿ ಚಂದಾ ಎತ್ತೋದು ನೋಡಿದೀರಲ್ಲ. ರಸೀದಿ ಬುಕ್ ಹಿಡ್ಕೊಂಡು ಹುಡುಗ್ರು ಮನೆ ಮನೆ ಬರ್ತಾರೆ, ಗಣಪತಿ ಬಿಟ್ಟ ಮೇಲೆ ಪೆಂಡಾಲ್‌ಗೆ ಇಷ್ಟು, ಹೂವಿಗೆ ಇಷ್ಟು, ಪ್ರಸಾದಕ್ಕೆ ಇಷ್ಟು, ಉಳಿಕೆ ಇಷ್ಟು ಅಂತ ಚೀಟಿ ಬರೆದು ಗೋಡೆಗೆ ಅಂಟಿಸ್ತಾರೆ. ಯಾವ ಬೀದೀಲಿ ಆ ಚೀಟಿ ಅಂಟಿಸ್ತಾರೋ ಅಲ್ಲಿ ಮುಂದಿನ ವರ್ಷ ಕೇಳದೇನೇ ಕೊಡ್ತಾರೆ. ನಾವೂ ಅದನ್ನೇ ಮಾಡಿದ್ವಿ. ಒಂದು ಶೀಟು, ಯಾರು ಬೇಕಾದ್ರೂ ನೋಡಬಹುದು, ಬಾಡಿಗೆ ಎಷ್ಟು, ಅದ್ರ ಮೇಲೆ 18% ಜಿಎಸ್‌ಟಿ ಎಷ್ಟು, ಡೊಮೈನ್, ಅಂದ್ರೆ ಸರ್ವರ್ ವಿಳಾಸದ ಹೆಸರು, ಅದಕ್ಕೆಷ್ಟು, ಬಂದಿದ್ದೆಷ್ಟು. ಮೊದಲು "ಡೊನೇಟ್ ಮಾಡಿ" ಅಂತ ತಿಂಗಳುಗಟ್ಲೆ ಹಾಕಿದ್ರೂ ನೂರು ರೂಪಾಯಿ ಬರ್ತಿರ್ಲಿಲ್ಲ, ಶೀಟ್ ಹಾಕಿದ್ಮೇಲೆ "ಈ ತಿಂಗಳು 340 ಕಮ್ಮಿ ಇದೆ" ಅಂತ ಒಂದು ಸಾಲು ಹಾಕಿದ್ರೆ ಸಂಜೆಯೊಳಗೆ ಯುಪಿಐನಲ್ಲಿ ಐವತ್ತು, ಇಪ್ಪತ್ತು, ಐವತ್ತು ಅಂತ ಬಂದು ತುಂಬತ್ತೆ. ಆ ಶೀಟ್ ಬರೆಯೋದು ಈಗ ಅದೇ ಶಿರಸಿ ಹುಡುಗಿ, ಸೆಕೆಂಡ್ ಪಿಯುಸಿ, ಒಂದು ರೂಪಾಯಿ ಹೆಚ್ಚುಕಮ್ಮಿ ಆದ್ರೂ ಫೋನ್ ಬರತ್ತೆ ನಂಗೆ.

ದೊಡ್ಡ ಮಟ್ಟದಲ್ಲಿ ನೋಡಬೇಕು ಅಂದ್ರೆ ಚೆಸ್ ಆಡೋ ವೆಬ್‌ಸೈಟ್ ಲಿಚೆಸ್ ನೋಡಿ. 2010ರಲ್ಲಿ ತಿಬೋ ಡುಪ್ಲೆಸಿ ಅನ್ನೋ ಫ್ರೆಂಚ್ ಪ್ರೋಗ್ರಾಮರ್ ಹವ್ಯಾಸಕ್ಕೆ ಶುರು ಮಾಡಿದ್ದು, ಇವತ್ತು ಲಕ್ಷಾಂತರ ಜನ ಚೆಸ್ ಆಡ್ತಾರೆ, ಜಾಹೀರಾತಿಲ್ಲ, ಎಲ್ಲ ಫ್ರೀ, ನಡೀತಿರೋದು ದೇಣಿಗೆ ಮೇಲೆ. ಖರ್ಚಿನ ಪಟ್ಟಿ ಯಾರು ಬೇಕಾದ್ರೂ ತೆಗೆದು ನೋಡಬಹುದು. ಅಲ್ಲೂ ಗೋಡೆ ಮೇಲೆ ಚೀಟಿ ಇದೆ.

ಈಗ ಮಷೀನ್. ಯಾರಾದ್ರೂ "ನಮ್ಮ ಆಫೀಸಲ್ಲಿ ಹಳೇ ಸರ್ವರ್ ಇದೆ, 16 ಕೋರು, ಫ್ರೀ, ತಗೊಂಡೋಗಿ" ಅಂದ್ರೆ ಖುಷಿಯಾಗಿ ಹೊತ್ಕೊಂಡು ಬರಬೇಡಿ. ಕೋರು ಅಂದ್ರೆ ಪ್ರೊಸೆಸರ್ ಒಳಗೆ ಲೆಕ್ಕ ಮಾಡೋ ಒಂದೊಂದು ಘಟಕ. ಮೈನ್‌ಕ್ರಾಫ್ಟ್ ಸರ್ವರ್ ಸೆಕೆಂಡಿಗೆ 20 ಟಿಕ್, ಅಂದ್ರೆ ಆಟದ ಲೆಕ್ಕ 20 ಸಲ, ಓಡಬೇಕು, ಒಂದು ಟಿಕ್‌ಗೆ 50 ಮಿಲಿಸೆಕೆಂಡ್, ಆಟದ ಮುಖ್ಯ ಕೆಲಸ ಎಲ್ಲ ಒಂದೇ ಥ್ರೆಡ್ ಮೇಲೆ, ಅಂದ್ರೆ ಒಂದು ಸಲಕ್ಕೆ ಒಂದೇ ಕೋರು ಮಾಡೋ ಕೆಲಸ. ಉಳಿದ ಕೋರುಗಳು ಬಹುಪಾಲು ಖಾಲಿ ಕೂತಿರ್ತವೆ, ಹೊಲಿಗೆ ಮಷೀನ್ ಒಂದೇ ಇರೋ ಅಂಗಡೀಲಿ ಹದಿನಾರು ಜನ ಟೈಲರ್ ಇದ್ದ ಹಾಗೆ. ಕೋರು ಎಣಿಸಬೇಡಿ, ಒಂದು ಕೋರಿನ ವೇಗ ನೋಡಿ. ದುಡ್ಡು ಹಾಕೋ ಮುಂಚೆ ಪೇಪರ್ ಅನ್ನೋ ಸರ್ವರ್ ಸಾಫ್ಟ್‌ವೇರ್ ಹಾಕಿ, ವ್ಯೂ ಡಿಸ್ಟೆನ್ಸ್, ಅಂದ್ರೆ ಆಟದಲ್ಲಿ ಎಷ್ಟು ದೂರ ಕಾಣಬೇಕು ಅನ್ನೋದನ್ನ, ಕಮ್ಮಿ ಮಾಡಿ, ಆಟ ತಡೆದು ತಡೆದು ಓಡೋ ಲ್ಯಾಗ್ ಅರ್ಧ ಅಲ್ಲೇ ಹೋಗತ್ತೆ. ಲುವಾಂಟಿ ಆದ್ರೆ ಇನ್ನೂ ಹಗುರ, ಚಿಕ್ಕ ಗುಂಪಿಗೆ ರಾಸ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರ್ ಮೇಲೂ ಓಡತ್ತೆ, ಮಕ್ಕಳು ಆಟ ದುಡ್ಡು ಕೊಟ್ಟು ಕೊಳ್ಳೋದೂ ಬೇಡ.

ಬಾಡಿಗೆ ಮಷೀನ್ ಇರೋ ಜಾಗ ಮುಂಬೈಲೇ ನೋಡಿ. ಜರ್ಮನಿಯಲ್ಲಿ ಬಾಡಿಗೆ ಅಗ್ಗ ಅಂತ ನಾವೂ ಹೋಗಿದ್ವಿ, ಪಿಂಗ್, ಅಂದ್ರೆ ಸಂದೇಶ ಹೋಗಿ ಬರೋ ಸಮಯ, 150 ಮಿಲಿಸೆಕೆಂಡ್ ದಾಟ್ತಿತ್ತು. ಮನೆ ಕಟ್ಟೋಕೆ ಪರವಾಗಿಲ್ಲ, ಬಿಲ್ಲು ಬಾಣ ಹಿಡಿದ್ರೆ ಆಗಲ್ಲ. ಮನೇಲೇ ಇಡ್ತೀವಿ ಅನ್ನೋರು ಮೊದಲು ನಿಮ್ಮ ಇಂಟರ್‌ನೆಟ್‌ನಲ್ಲಿ ಸ್ವಂತ ಪಬ್ಲಿಕ್ ಐಪಿ ವಿಳಾಸ ಇದ್ಯಾ ನೋಡ್ಕೊಳ್ಳಿ, ಇಲ್ಲಾಂದ್ರೆ ಹೊರಗಿಂದ ಯಾರೂ ನೇರ ಒಳಗೆ ಬರೋಕಾಗಲ್ಲ, ಆಮೇಲೆ ಕರೆಂಟು. ಮನೆ ಮಷೀನ್ ಬ್ಯಾಕಪ್‌ಗೆ ಇಟ್ಕೊಳ್ಳಿ, ಅದಕ್ಕೆ ತುಂಬಾ ಒಳ್ಳೇದು. ಕ್ಲೌಡಲ್ಲಿ ಫ್ರೀ ಕೊಡೋದೂ ಅಷ್ಟೇ, ಟೆಸ್ಟ್ ಮಾಡೋಕೆ ಬಳಸಿ, ವಾಪಸ್ ತಗೊಂಡ್ರೆ ಕೇಳೋ ಹಕ್ಕು ನಮಗಿಲ್ಲ.

ಐದು ನಿಮಿಷ ಅಂತ ಚೀಟಿ ಬಂತು. ಬೇಗ ಬೇಗ ಹೇಳ್ತೀನಿ.

ದುಡ್ಡು ಕೊಟ್ಟೋರಿಗೆ ಆಟದಲ್ಲಿ ವಜ್ರದ ಕತ್ತಿ ಕೊಡಬೇಡಿ. ಮೈನ್‌ಕ್ರಾಫ್ಟ್ ಮಾಡಿದ ಮೊಜಾಂಗ್ ಕಂಪನಿ 2014ರಲ್ಲೇ ಹೇಳಿದೆ, ಟೋಪಿ ಕೊಡಿ, ಹೆಸರಿಗೆ ಬಣ್ಣ ಕೊಡಿ, ಆಟದಲ್ಲಿ ಮೇಲುಗೈ ಮಾರಬೇಡಿ ಅಂತ. ನಿಯಮ ಬಿಡಿ, ಐವತ್ತು ರೂಪಾಯಿ ಇಲ್ಲದ ಹುಡುಗ ಸೋಲ್ತಾನೇ ಇದ್ರೆ ಯಾಕೆ ಬರ್ತಾನೆ ಅವನು? ಎಂಟ್ರಿ ಫೀಸ್ ತಗೊಂಡು ನಗದು ಬಹುಮಾನ ಕೊಡೋ ಟೂರ್ನಮೆಂಟ್ ಐಡಿಯಾ ಇದ್ರೆ, 2025ರಲ್ಲಿ ಆನ್‌ಲೈನ್ ಗೇಮಿಂಗ್ ಕಾನೂನು ಬಂದಿದೆ, ತಿಳಿದ ವಕೀಲರನ್ನ ಕೇಳದೇ ಕೈ ಹಾಕಬೇಡಿ.

ದಾಳಿ. 2016ರ ಮಿರಾಯ್ ಬಾಟ್‌ನೆಟ್, ಅಂದ್ರೆ ಕದ್ದು ವಶ ಮಾಡ್ಕೊಂಡ ಸಾಧನಗಳ ಸೈನ್ಯ, ಕಟ್ಟಿದ ಹುಡುಗ್ರೇ ಮೈನ್‌ಕ್ರಾಫ್ಟ್ ಸರ್ವರ್ ಲೋಕದಿಂದ ಬಂದೋರು. ಹಾಗಾಗಿ ಬಾಡಿಗೆಗೆ ತಗೊಳ್ಳುವಾಗ ಡಿಡಾಸ್, ಅಂದ್ರೆ ಒಂದೇ ಸಲ ರಾಶಿ ಟ್ರಾಫಿಕ್ ಕಳಿಸಿ ಸರ್ವರ್ ಬೀಳಿಸೋ ದಾಳಿ, ಅದ್ರಿಂದ ರಕ್ಷಣೆ ಸೇರಿದ್ಯಾ ಕೇಳಿ.

ಬ್ಯಾಕಪ್. 2021ರ ಮಾರ್ಚ್ 10, ಫ್ರಾನ್ಸಿನ ಸ್ಟ್ರಾಸ್‌ಬರ್ಗ್, ಓವಿಎಚ್ ಅನ್ನೋ ಹೋಸ್ಟಿಂಗ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು, ರಸ್ಟ್ ಆಟದ ಯುರೋಪಿನ 25 ಸರ್ವರ್ ಸುಟ್ಟೋದವು, ಡೇಟಾ ವಾಪಸ್ ಬರ್ಲೇ ಇಲ್ಲ. ದೊಡ್ಡ ಆಟಕ್ಕೇ ಹಾಗಾಗಿದೆ. ಸರ್ವರ್ ಇರೋ ಕಟ್ಟಡದಲ್ಲೇ ಬ್ಯಾಕಪ್ ಇಡಬೇಡಿ, ತಿಂಗಳಿಗೊಂದ್ಸಲ ತೆಗೆದು ಓಡಿಸಿ ನೋಡಿ.

ಗುಂಪು ದೊಡ್ಡದಾದ್ರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960 ಇದೆ, ಏಳು ಜನ ಸೇರಿದ್ರೆ ಸಂಘ ಮಾಡಬಹುದು, ಬ್ಯಾಂಕ್ ಅಕೌಂಟು ಸಂಘದ ಹೆಸರಲ್ಲೇ. ಇದ್ರ ಬಗ್ಗೆ ಇನ್ನೂ ಇತ್ತು, ಇರ್ಲಿ.

ಪ್ರಶ್ನೆಗೆ ಟೈಮ್ ಇಲ್ಲ ಅಂತಿದಾರೆ. ನಾನು ಹೊರಗೆ ಕಾಫಿ ಕೊಡ್ತಿದಾರಲ್ಲ ಅಲ್ಲೇ ಇರ್ತೀನಿ. ಲ್ಯಾಪ್‌ಟಾಪ್ ತಂದಿರೋರು ಹೋಸ್ಟಿಂಗ್ ಅಕೌಂಟ್ ಲಾಗಿನ್ ಮಾಡ್ಕೊಂಡು ಬನ್ನಿ, ಪಕ್ಕದಲ್ಲಿ ನೀವು ನಂಬೋ ಇನ್ನೊಬ್ಬರನ್ನೂ ಕರ್ಕೊಂಡು ಬನ್ನಿ, ಎರಡನೇ ಮೇಲ್ ಐಡಿ ಸೇರಿಸೋಕೆ ಎರಡು ನಿಮಿಷ ಸಾಕು, ಅಲ್ಲೇ ಮಾಡೋಣ.