ಗಡಿ ಎಲ್ಲಿ? ‘ನಾಳೆ ಬಾ’: ಇಸ್ರೇಲ್–ಪ್ಯಾಲೆಸ್ತೀನ್ ಶಾಂತಿ ಯೋಜನೆಗಳ ಕಥೆ

[ಪರದೆ: ಹಳೆಯ ಮನೆಯ ಬಾಗಿಲು. ಸೀಮೆಸುಣ್ಣದಲ್ಲಿ ಬರೆದ ಎರಡು ಪದ: ನಾಳೆ ಬಾ]

ನಮಸ್ಕಾರ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಕಡೆ ಬೆಳೆದವರಿಗೆ ಈ ಬರಹ ನೆನಪಿರುತ್ತದೆ. ರಾತ್ರಿ ಬಾಗಿಲು ತಟ್ಟುವ ದೆವ್ವ ಇದನ್ನು ಓದಿ ವಾಪಸ್ ಹೋಗುತ್ತದಂತೆ. ಮರುದಿನ ಬಂದರೆ ಮತ್ತೆ ಅದೇ ಬರಹ. ಅದೇ ದಶಕದಲ್ಲಿ ವಾಷಿಂಗ್ಟನ್‌ನಲ್ಲಿ ಒಂದು ದೊಡ್ಡ ಒಪ್ಪಂದಕ್ಕೆ ಸಹಿ ಬಿತ್ತು. ಅದರಲ್ಲೂ ಹೆಚ್ಚುಕಮ್ಮಿ ಇದನ್ನೇ ಬರೆದಿದ್ದರು.

[ಪರದೆ: 1993ರ ಸೆಪ್ಟೆಂಬರ್ 13, ಶ್ವೇತಭವನದ ಅಂಗಳ]

ಈ ಫೋಟೋ ನೀವು ನೋಡಿರುತ್ತೀರಿ. ಒಂದು ಕಡೆ ಇಸ್ರೇಲ್ ಪ್ರಧಾನಿ ಯಿಟ್ಜಾಕ್ ರಾಬಿನ್, ಇನ್ನೊಂದು ಕಡೆ ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆ, ಅಂದರೆ ಪಿಎಲ್‌ಓ ನಾಯಕ ಯಾಸರ್ ಅರಾಫತ್, ನಡುವೆ ಬಿಲ್ ಕ್ಲಿಂಟನ್. ಇದು ಓಸ್ಲೋ ಒಪ್ಪಂದ. ಪಿಎಲ್‌ಓ ಇಸ್ರೇಲ್ ಎಂಬ ದೇಶವನ್ನು ಒಪ್ಪಿಕೊಂಡಿತು. ಇಸ್ರೇಲ್ ಒಪ್ಪಿಕೊಂಡಿದ್ದು ಪ್ಯಾಲೆಸ್ತೀನ್ ದೇಶವನ್ನಲ್ಲ. ಪಿಎಲ್‌ಓ ಪ್ಯಾಲೆಸ್ತೀನಿಯರ ಪ್ರತಿನಿಧಿ ಎಂಬುದನ್ನು ಮಾತ್ರ.

ಗಡಿ ಎಲ್ಲಿ ಬರಬೇಕು? ಜೆರುಸಲೇಮ್ ಯಾರದ್ದು? ಇಸ್ರೇಲ್ ಹುಟ್ಟಿದ 1948ರ ಯುದ್ಧದಲ್ಲಿ ಮನೆಮಠ ಕಳೆದುಕೊಂಡ ಪ್ಯಾಲೆಸ್ತೀನಿಯರು ವಾಪಸ್ ಬರಬಹುದಾ? 1967ರ ಯುದ್ಧದಿಂದ ಇಸ್ರೇಲ್ ಹಿಡಿತದಲ್ಲಿರುವ ಪ್ಯಾಲೆಸ್ತೀನ್ ಪ್ರದೇಶ ವೆಸ್ಟ್ ಬ್ಯಾಂಕ್‌ನಲ್ಲಿ ಇಸ್ರೇಲಿಗಳು ಕಟ್ಟಿಕೊಂಡ ವಸಾಹತುಗಳ ಗತಿ ಏನು? ಜಗಳ ಇರುವುದೇ ಇವುಗಳ ಬಗ್ಗೆ. ಒಪ್ಪಂದ ಇವನ್ನೆಲ್ಲ ಮುಂದಕ್ಕೆ ಹಾಕಿತು. ಐದು ವರ್ಷ ಮಧ್ಯಂತರ ವ್ಯವಸ್ಥೆ ಇರಲಿ, ಅಷ್ಟರಲ್ಲಿ ಪರಸ್ಪರ ನಂಬಿಕೆ ಬೆಳೆಯುತ್ತದೆ ಎಂಬ ಲೆಕ್ಕ. ಹಾಗಂತ ಅದು ದಡ್ಡ ಲೆಕ್ಕವಾಗಿರಲಿಲ್ಲ. ಅವತ್ತು ಜೆರುಸಲೇಮ್ ವಿಷಯ ಎತ್ತಿದ್ದರೆ ಈ ಫೋಟೋವೇ ಇರುತ್ತಿರಲಿಲ್ಲ.

ಆದರೆ ಈ ಐದು ವರ್ಷ ಯಾರೂ ಸುಮ್ನೆ ಕೂರಲಿಲ್ಲ. 1994ರಲ್ಲಿ ಹೆಬ್ರಾನ್‌ನ ಮಸೀದಿಯಲ್ಲಿ ಪ್ರಾರ್ಥನೆಗೆ ಬಾಗಿದ್ದ 29 ಜನರನ್ನು ಒಬ್ಬ ಯಹೂದಿ ವಸಾಹತುಗಾರ ಗುಂಡಿಟ್ಟು ಕೊಂದ. ಒಪ್ಪಂದವನ್ನು ಒಪ್ಪದ ಪ್ಯಾಲೆಸ್ತೀನ್ ಸಶಸ್ತ್ರ ಸಂಘಟನೆ ಹಮಾಸ್ ಇಸ್ರೇಲಿನ ಬಸ್‌ಗಳಲ್ಲಿ ಆತ್ಮಹತ್ಯಾ ಬಾಂಬ್ ಸಿಡಿಸಿತು. 1995ರ ನವೆಂಬರ್ 4ರಂದು ರಾಬಿನ್ ಹತ್ಯೆಯಾಯಿತು. ಕೊಂದವನು ಒಪ್ಪಂದ ಬೇಡ ಎನ್ನುತ್ತಿದ್ದ ಇಸ್ರೇಲಿ ಯಹೂದಿಯೇ. ಇತ್ತ ವಸಾಹತುಗಳು ಬೆಳೆಯುತ್ತಲೇ ಇದ್ದವು. ವೆಸ್ಟ್ ಬ್ಯಾಂಕ್‌ನ ವಸಾಹತುಗಳಲ್ಲಿ ಆಗ ಇದ್ದವರು ಒಂದು ಲಕ್ಷದ ಆಸುಪಾಸು. ಈಗ ಪೂರ್ವ ಜೆರುಸಲೇಮ್ ಬಿಟ್ಟೇ ಸುಮಾರು ಐದು ಲಕ್ಷ. ಯಾವ ಜಮೀನಿನ ಬಗ್ಗೆ ಆಮೇಲೆ ಮಾತಾಡಬೇಕಿತ್ತೋ, ಅದರ ಮೇಲೆಯೇ ಮನೆಗಳು ಎದ್ದವು. 1994ರ ಮೇನಿಂದ ಎಣಿಸಿದ ಆ ಐದು ವರ್ಷ ಮುಗಿಯುವ 1999ರ ಮೇ 4ರ ಗಡುವು ಬಂತು, ಹೋಯಿತು.

[ಪರದೆ: ಸಿನಾಯ್ ನಕ್ಷೆ]

ಇಸ್ರೇಲ್‌ಗೆ ಅರಬ್ಬರ ಜೊತೆ ಒಪ್ಪಂದ ಮಾಡಿ ಗೊತ್ತೇ ಇರಲಿಲ್ಲ ಅಂತಲ್ಲ. 1973ರಲ್ಲಿ ಈಜಿಪ್ಟ್ ಜೊತೆ ಘೋರ ಯುದ್ಧ ನಡೆದಿತ್ತು. ಐದೇ ವರ್ಷದಲ್ಲಿ, 1978ರಲ್ಲಿ, ಅಮೆರಿಕ ಅಧ್ಯಕ್ಷರ ವಿಶ್ರಾಂತಿಧಾಮ ಕ್ಯಾಂಪ್ ಡೇವಿಡ್‌ನಲ್ಲಿ 13 ದಿನ ಕೂತು ದಾರಿ ಹುಡುಕಿದರು. ಮರುವರ್ಷ ಒಪ್ಪಂದವಾಯಿತು. ಅಲ್ಲಿ ಕೊನೆಯ ಗೆರೆಯನ್ನು ಮೊದಲೇ ಎಳೆದುಬಿಟ್ಟಿದ್ದರು: 1967ರ ಯುದ್ಧದಲ್ಲಿ ಇಸ್ರೇಲ್ ಹಿಡಿದುಕೊಂಡಿದ್ದ ಸಿನಾಯ್ ಮರಳುಗಾಡು ಪೂರ್ತಿ ಈಜಿಪ್ಟ್‌ಗೆ ವಾಪಸ್. ಹಂತಗಳು ಅಲ್ಲೂ ಇದ್ದವು, ಮೂರು ವರ್ಷದ್ದು. ಆದರೆ ಕೊನೆಗೆ ಎಲ್ಲಿಗೆ ಮುಟ್ಟಬೇಕು ಅನ್ನುವುದರಲ್ಲಿ ಗೊಂದಲ ಇರಲಿಲ್ಲ.

ಇದರಿಂದ ಆದ ವ್ಯತ್ಯಾಸ ನೋಡಿ. 1981ರ ಅಕ್ಟೋಬರ್‌ನಲ್ಲಿ ಈಜಿಪ್ಟ್ ಅಧ್ಯಕ್ಷ ಅನ್ವರ್ ಸಾದತ್ ಹತ್ಯೆಯಾಯಿತು. ಥೇಟ್ ರಾಬಿನ್ ಥರವೇ, ತಮ್ಮವರ ಕೈಯಲ್ಲೇ. ಆದರೂ 1982ರ ಏಪ್ರಿಲ್‌ನಲ್ಲಿ, ಹೇಳಿದ ತಿಂಗಳಿಗೇ, ಇಸ್ರೇಲ್ ಸಿನಾಯ್ ಬಿಟ್ಟುಕೊಟ್ಟಿತು. ಯಾಮಿತ್ ಎಂಬ ತನ್ನದೇ ವಸಾಹತನ್ನು ತಾನೇ ಕೆಡವಿತು. ತಾಬಾ ಎಂಬ ಪುಟ್ಟ ಕಡಲತೀರಕ್ಕೆ ಮಾತ್ರ ತಕರಾರು ಉಳಿಯಿತು. ಅಲ್ಲಿ ಒಂದು ಹೋಟೆಲ್ ಬೇರೆ ಇತ್ತು! ಅದನ್ನು ಮಧ್ಯಸ್ಥರ ಮುಂದಿಟ್ಟರು. ತೀರ್ಪು ಈಜಿಪ್ಟ್ ಪರ ಬಂತು, 1989ರಲ್ಲಿ ಜಾಗ ಕೈಬದಲಾಯಿತು. ಓಸ್ಲೋದಲ್ಲೂ ಮಧ್ಯಸ್ಥಿಕೆಯ ಮಾತಿತ್ತು. ಆದರೆ ಎರಡೂ ಕಡೆ ಒಪ್ಪಿದರೆ ಮಾತ್ರ.

ಮರಳುಗಾಡು ಬಿಟ್ಟುಕೊಡುವುದಕ್ಕೂ ಜೆರುಸಲೇಮ್ ಹಂಚಿಕೊಳ್ಳುವುದಕ್ಕೂ ಹೋಲಿಕೆಯೇ ಅಂತ ನೀವು ಕೇಳಬಹುದು. ನ್ಯಾಯವೇ. ಸಿನಾಯ್ ಸುಲಭದ ಲೆಕ್ಕ. ಆದರೆ ಕಷ್ಟದ ಲೆಕ್ಕಕ್ಕೂ ಉತ್ತರ ಬರೆಯಲು ಕೂತವರಿದ್ದರು. 2008ರಲ್ಲಿ ಇಸ್ರೇಲ್ ಪ್ರಧಾನಿ ಎಹುದ್ ಓಲ್ಮರ್ಟ್, ಪ್ಯಾಲೆಸ್ತೀನ್ ಅಧ್ಯಕ್ಷ ಮಹಮೂದ್ ಅಬ್ಬಾಸ್ ಅವರಿಗೆ ಗಡಿಯ ನಕ್ಷೆಯನ್ನೇ ತೋರಿಸಿದರು. ಸಹಿ ಹಾಕದೆ ಪ್ರತಿ ಕೊಡುವುದಿಲ್ಲ ಅಂದರು. ಅಬ್ಬಾಸ್ ಅದನ್ನು ಒಂದು ಹಾಳೆಯಲ್ಲಿ ಕೈಯಾರೆ ಗೀಚಿಕೊಂಡು ಹೋದರು. ಓಲ್ಮರ್ಟ್ ಆಗಲೇ ಭ್ರಷ್ಟಾಚಾರದ ತನಿಖೆಯಲ್ಲಿ ಸಿಕ್ಕಿ ಕುರ್ಚಿ ಬಿಡುವವರಿದ್ದರು. ಕಥೆ ಅಲ್ಲಿಗೇ ನಿಂತಿತು.

[ಪರದೆ: ಗಾಜಾ, 2025]

ಈಗಿನ ಯುದ್ಧಕ್ಕೆ ಬರೋಣ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಗೆ ಇಸ್ರೇಲ್‌ನಲ್ಲಿ ಸುಮಾರು 1,200 ಜನ ಸತ್ತರು, 250ರಷ್ಟು ಜನ ಒತ್ತೆಯಾಳಾದರು. ಇಸ್ರೇಲ್ ಮಾಡಿದ ಯುದ್ಧದಲ್ಲಿ ಗಾಜಾದಲ್ಲಿ ಸತ್ತವರು, ಅಲ್ಲಿನ ಆರೋಗ್ಯ ಸಚಿವಾಲಯದ ಪ್ರಕಾರ, 2025ರ ಅಕ್ಟೋಬರ್ ಕದನವಿರಾಮದ ಹೊತ್ತಿಗೆ 67 ಸಾವಿರ ದಾಟಿದ್ದರು.

ಆ ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಟ್ರಂಪ್ ಅವರ ಗಾಜಾ ಯೋಜನೆಗೆ ಒಪ್ಪಿಗೆ ಕೊಟ್ಟು 2803ನೇ ನಿರ್ಣಯ ಪಾಸು ಮಾಡಿತು. ಪರ 13 ಮತ. ರಷ್ಯಾ, ಚೀನಾ ತಟಸ್ಥ. ಟ್ರಂಪ್ ಅಧ್ಯಕ್ಷತೆಯಲ್ಲಿ ಶಾಂತಿ ಮಂಡಳಿ, ಅಂತರರಾಷ್ಟ್ರೀಯ ಪಡೆ, ದಿನದ ಆಡಳಿತಕ್ಕೆ ಪಕ್ಷಗಳಿಗೆ ಸೇರದ ಪ್ಯಾಲೆಸ್ತೀನ್ ತಜ್ಞರ ಸಮಿತಿ. ಮೊದಲ ಹಂತಗಳು ಸ್ಪಷ್ಟವಾಗಿವೆ.

ಕೊನೆಯ ಹಂತ? ಅಲ್ಲಿರುವ ಮಾತನ್ನು ಕನ್ನಡಕ್ಕೆ ತಂದರೆ ಹೀಗೆ: ಪ್ಯಾಲೆಸ್ತೀನ್ ಪ್ರಾಧಿಕಾರ (ಓಸ್ಲೋದಿಂದ ಹುಟ್ಟಿದ ಪ್ಯಾಲೆಸ್ತೀನಿಯರ ಆಡಳಿತ) ಸುಧಾರಿಸಿದರೆ, ಗಾಜಾ ಮರುನಿರ್ಮಾಣ ಮುಂದುವರಿದರೆ, ಸ್ವಂತ ದೇಶದತ್ತ ಹೋಗುವ ದಾರಿಗೆ ಬೇಕಾದ ಪರಿಸ್ಥಿತಿ ಒದಗಿ ಬರಬಹುದು. ಎರಡು ‘ರೆ’, ಒಂದು ‘ಬಹುದು’. ತಾರೀಖಿಲ್ಲ, ಗಡಿಯಿಲ್ಲ. ಸುಧಾರಣೆ ಆಗಿದೆಯಾ ಇಲ್ಲವಾ ಎಂಬ ಜಗಳಕ್ಕೆ ತಾಬಾದಂಥ ಮಧ್ಯಸ್ಥರೂ ಇಲ್ಲ. ನೆತನ್ಯಾಹು ಪ್ಯಾಲೆಸ್ತೀನ್ ದೇಶ ಆಗಲು ಬಿಡುವುದಿಲ್ಲ ಎಂದು ಬಹಿರಂಗವಾಗಿಯೇ ಹೇಳುತ್ತಾರೆ. ಹಮಾಸ್ ಈ ನಿರ್ಣಯವನ್ನೇ ತಿರಸ್ಕರಿಸಿತು.

ಅಂತರರಾಷ್ಟ್ರೀಯ ಪಡೆ ಗಾಜಾಕ್ಕೆ ಹೊಸದಲ್ಲ. 1956ರ ಯುದ್ಧದ ನಂತರ ಅಲ್ಲಿ ನಿಂತ ವಿಶ್ವಸಂಸ್ಥೆಯ ಪಡೆಯಲ್ಲಿ ನಮ್ಮ ಭಾರತದ ಸೈನಿಕರೂ ಇದ್ದರು. ಹತ್ತು ವರ್ಷ ಗಡಿ ತಣ್ಣಗಿತ್ತು. ಮೂಲ ಜಗಳ ಮಾತ್ರ ಇದ್ದಲ್ಲೇ ಇತ್ತು. ಗಾಜಾ ಆಗ ಈಜಿಪ್ಟ್ ಹಿಡಿತದಲ್ಲಿತ್ತು; 1967ರ ಮೇ ತಿಂಗಳಲ್ಲಿ ಅದು ಪಡೆಗೆ ‘ಹೊರಡಿ’ ಅಂದಿತು. ಪಡೆ ಪೂರ್ತಿ ಹೊರಡುವ ಮೊದಲೇ, ಜೂನ್ 5ಕ್ಕೆ ಯುದ್ಧ ಶುರುವಾಯಿತು. ಸತ್ತವರಲ್ಲಿ ಭಾರತದ ಯೋಧರೂ ಇದ್ದರು.

[ಪರದೆ: ಎರಡು ನಕ್ಷೆ ಅಕ್ಕಪಕ್ಕ]

ಎಡಗಡೆ ವೆಸ್ಟ್ ಬ್ಯಾಂಕ್. 1995ರಲ್ಲಿ ಅದನ್ನು ಎ, ಬಿ, ಸಿ ಎಂದು ಮೂರು ವಲಯ ಮಾಡಿದರು. ಸುಮಾರು ಶೇ 60ರಷ್ಟು ನೆಲ ಸಿ ವಲಯ, ಇಸ್ರೇಲ್ ಹಿಡಿತದಲ್ಲಿ. ಹಂತಹಂತವಾಗಿ ಬಿಟ್ಟುಕೊಡುವ ಮಾತಾಗಿತ್ತು. ಮೂವತ್ತು ವರ್ಷ ಕಳೆದರೂ ಅಲ್ಲಿ ಮನೆ ಕಟ್ಟಲು ಪ್ಯಾಲೆಸ್ತೀನಿಯರಿಗೆ ಇಸ್ರೇಲಿನ ಅನುಮತಿಯೇ ಬೇಕು.

ಬಲಗಡೆ ಗಾಜಾ. ಈ ಗೆರೆಯ ಹೆಸರು ಹಳದಿ ಗೆರೆ. ಕದನವಿರಾಮದ ದಿನ ಇಸ್ರೇಲ್ ಸೇನೆ ಇದರ ಆಚೆಗೆ ಸರಿಯಿತು, ಅರ್ಧಕ್ಕಿಂತ ಜಾಸ್ತಿ ಗಾಜಾವನ್ನು ಕೈಯಲ್ಲಿಟ್ಟುಕೊಂಡೇ. ಗುರುತಿಗೆಂದು ನೆಲದಲ್ಲಿ ಹಳದಿ ಬಣ್ಣದ ಕಾಂಕ್ರೀಟ್ ಬ್ಲಾಕ್‌ಗಳನ್ನು ಇಟ್ಟರು. ಯೋಜನೆಯ ಪ್ರಕಾರ ಇದೂ ತಾತ್ಕಾಲಿಕ.